ಹಿಂಬಾಗಿಲಿಗೆ ಬಂದ ಮೀನು

ಬರ್ನಿ, ಟಾಸ್ಮೇನಿಯಾ
ಜುಲೈ, ನಡು ಚಳಿಗಾಲ. ಮಂಗಳವಾರ ಬೆಳಿಗ್ಗೆ. ಗಾಳಿ ಜೋರು.

ಬಾಗಿಲು ತೆಗೆಯದ ಗೆಳೆಯ ಕ್ಲೆಮ್‌ಗೆ,

ಮೊದಲೇ ಹೇಳಿಬಿಡುತ್ತೇನೆ, ನನಗೆ ನಿನ್ನ ಮೇಲೆ ಅನುಮಾನ. ಇದರಿಂದ ನೀನು ಬೀಗಬೇಕಾಗಿಲ್ಲ. ನನಗೆ ಯಾರ ಮೇಲೆ ಅನುಮಾನ ಇಲ್ಲ ಹೇಳು? ನಾವಿಬ್ಬರೂ ಕಾಗದದ ಕಾರ್ಖಾನೆಯಲ್ಲಿದ್ದಾಗ ಕ್ಯಾಂಟೀನಿನ ಸಾಸೇಜ್ ರೋಲನ್ನು ಬಿಚ್ಚಿ, ಒಳಗೇನಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಿನ್ನುತ್ತಿದ್ದವನು ನಾನೊಬ್ಬನೇ. "ತಿನ್ನು ಮಾರಾಯ, ಅದು ಕೋರ್ಟಿಗೆ ಬಂದು ಸಾಕ್ಷಿ ಹೇಳೋದಿಲ್ಲ" ಅಂತ ನೀನೇ ಅಂದಿದ್ದೆ. ಆ ರೋಲಿನ ಬಗ್ಗೆ ನನ್ನ ಅನುಮಾನ ಇವತ್ತಿಗೂ ಬಗೆಹರಿದಿಲ್ಲ. ನಿನ್ನ ವಿಷಯದಲ್ಲಿ ಮಾತ್ರ ತನಿಖೆ ಮುಗಿದಿದೆ. ಅದರ ತೀರ್ಪನ್ನು ತಿಳಿಸಲು ಈ ಪತ್ರ. ನಿಂತು ಓದಬೇಡ, ನಿನ್ನ ಸೊಂಟ ಸರಿಯಿಲ್ಲ ಅಂತ ಗೊತ್ತು. ಹೇಗೆ ಗೊತ್ತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಹೋದ ಬೇಸಿಗೆಯ ಕೊನೆಗೆ ನೀನು ಶುಕ್ರವಾರದ ಪಬ್ಬಿಗೆ ಬರುವುದನ್ನು ನಿಲ್ಲಿಸಿದೆ. ಕಿಟಕಿ ಪಕ್ಕದ ನಮ್ಮ ಮೇಜು ಹಾಗೇ ಇತ್ತು, ನಿನ್ನ ಕುರ್ಚಿಯ ಮೇಲೆ ಮಾತ್ರ ಯಾರ್‍ಯಾರದೋ ಕೋಟು. ನಾನು ಸುಮ್ಮನೆ ಕೂರುವವನೇ? ಪಕ್ಕದ ವಿನ್ಯಾರ್ಡ್ ಊರಿನಲ್ಲಿ ನಿನಗೊಬ್ಬ ವಿಧವೆ ಸಿಕ್ಕಿದ್ದಾಳೆ ಎಂದು ಮೊದಲು ಅನುಮಾನಿಸಿದೆ. ನಿನ್ನ ಹೆಂಡತಿ ಬೆರಿಲ್ ತೀರಿಕೊಂಡ ಮೇಲೆ ನಿನ್ನ ಮೈಮೇಲೆ ಇಸ್ತ್ರಿಯಾದ ಅಂಗಿಯನ್ನು ಯಾರೂ ಕಂಡಿಲ್ಲ ಎಂಬ ಬಲವಾದ ಸಾಕ್ಷ್ಯದಿಂದ ಆ ಅನುಮಾನ ವಜಾ ಆಯಿತು. ಆಮೇಲೆ, ನೀನು ಕುಡಿತ ಬಿಟ್ಟು ದೇವರ ಕಡೆ ಹೊರಳಿದ್ದೀಯ ಅಂದುಕೊಂಡೆ. ಪಾದ್ರಿಯನ್ನೇ ಕೇಳಿದೆ. "ಕ್ಲೆಮ್ಮಾ? ನಮ್ಮ ಕಡೆನಾ?" ಎಂದು ಆ ಪುಣ್ಯಾತ್ಮರು ಹೊಟ್ಟೆ ಹಿಡಿದು ನಕ್ಕ ರೀತಿಯಲ್ಲಿ ಅದೂ ವಜಾ. ಕೊನೆಗೆ ಲಾಟರಿ ಹೊಡೆದಿರಬೇಕು, ಎಲ್ಲಿ ನಮಗೆಲ್ಲ ಕುಡಿಸಬೇಕಾಗುತ್ತದೋ ಎಂದು ಅಡಗಿದ್ದಾನೆ ಎಂದುಕೊಂಡೆ. ನೋಡು, ಆ ಅನುಮಾನ ನಿಜದ ಮನೆಯ ಪಕ್ಕದ ಬಾಗಿಲನ್ನೇ ತಟ್ಟಿತ್ತು. ಕುಡಿಸಬೇಕಾಗುತ್ತದೆ ಎಂದೇ ನೀನು ಅಡಗಿದ್ದೆ. ಕಾರಣ ಮಾತ್ರ ತಿರುಗಾಮುರುಗಾ.

ಈಗ ಗುರುವಾರಗಳ ವಿಷಯ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಗುರುವಾರ ಮಧ್ಯಾಹ್ನ ಬಂದವರಿಗೆಲ್ಲ ಸೂಪು, ಬ್ರೆಡ್ಡು. ಸೂಪಿನ ಸೌಟು ನನ್ನ ಕೈಯಲ್ಲಿ. ಪಾತ್ರೆಯ ಹಿಂದೆ ನಿಂತವನಿಗೆ ಊರಿನ ಮುಖಕ್ಕಿಂತ ಊರಿನ ಹೊಟ್ಟೆಯ ಪರಿಚಯ ಚೆನ್ನಾಗಿ ಆಗುತ್ತದೆ. ಸಾಲು ಉದ್ದವಾಗುತ್ತಿತ್ತು. ನಮ್ಮ ಸಭಾಂಗಣವನ್ನು ನಡೆಸುವ ಗ್ಲೆನಿಸ್ ಒಂದು ದಿನ ಪಾತ್ರೆಯ ತಳ ಕೆರೆಯುತ್ತ ಕೇಳಿದಳು, "ಹಸಿವು ಅಂದ್ರೇನು ನೆವಿಲ್, ಕಸದ ಗಾಡಿನಾ? ವಾರಕ್ಕೊಂದು ಸಲ ಬಂದು ಹೋಗೋಕೆ?" ಗ್ಲೆನಿಸ್ ಪ್ರಶ್ನೆ ಕೇಳಿದರೆ ಉತ್ತರ ಅವಳ ಚೀಲದಲ್ಲಿ ಸಿದ್ಧವಾಗಿದೆ ಎಂದೇ ಅರ್ಥ. ಅವಳು ಊರಿನ ಹೋಟೆಲುಗಳನ್ನೆಲ್ಲ ಸುತ್ತಿ ಒಂದು ಏರ್ಪಾಡು ಮಾಡಿಕೊಂಡು ಬಂದಳು. ಅವರ ಮನೆಯ ಕೋಳಿಮೂಳೆ, ಮಿಕ್ಕ ತರಕಾರಿ ನಮ್ಮ ಸೂಪಿಗೆ. ಜೊತೆಗೆ ಪ್ರತಿ ಹೋಟೆಲಿನ ಕಿಟಕಿಗೆ ಒಂದು ದಾರ, ದಾರದ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪು. ಕೈಯಲ್ಲಿ ನಾಲ್ಕು ಕಾಸು ಇರುವವರು ಒಂದು ಊಟಕ್ಕೆ ಕೊಟ್ಟು ಒಂದು ಕ್ಲಿಪ್ಪು ಸಿಕ್ಕಿಸಿ ಹೋಗಬೇಕು. ಹಸಿದವರು ಒಂದು ಕ್ಲಿಪ್ಪು ಕಿತ್ತು ಒಳಗೆ ಕೊಟ್ಟರೆ ತಟ್ಟೆ ಬರುತ್ತದೆ. ಯಾರು, ಏನು, ಎತ್ತ, ಯಾವ ಮಾತೂ ಇಲ್ಲ. ವಾರದ ಎಲ್ಲ ದಿನವೂ.

ಹೋಟೆಲಿನವರು ಪುಕ್ಕಟೆ ಮೂಳೆ ಕೊಡುತ್ತಾರೆ ಅಂದರೆ ನನಗೆ ಅನುಮಾನ ಬರಲೇಬೇಕಲ್ಲ. ಗೋಲ್ಡನ್ ಕಾರ್ಪ್ ಚೀನೀ ಹೋಟೆಲಿನ ವಿನ್ನಿ ಲಿಯಾಂಗ್‌ಳನ್ನು ಹಿಡಿದು ವಿಚಾರಣೆ ಮಾಡಿದೆ. ಅವಳಪ್ಪನ ಕಾಲದಿಂದ ನಮ್ಮ ಕಾರ್ಖಾನೆಯವರ ಮದುವೆ, ನಾಮಕರಣ, ನಿವೃತ್ತಿ ಎಲ್ಲಕ್ಕೂ ಲೆಮನ್ ಚಿಕನ್ ಬಡಿಸಿದ ಮನೆ ಅದು. "ಇದರಲ್ಲೇನೋ ಇದೆ ವಿನ್ನಿ, ಹೇಳಿಬಿಡು" ಅಂದೆ. "ಇದೆ ನೆವ್. ಶುಂಠಿ ಇದೆ, ಬೆಳ್ಳುಳ್ಳಿ ಇದೆ. ನೀನು ಸಾಸೇಜ್ ರೋಲ್ ಬಿಚ್ಚಿ ನೋಡೋನು ಅಂತ ಊರಿಗೆಲ್ಲ ಗೊತ್ತು. ನನ್ನ ಡಿಮ್ ಸಿಮ್ ಕಡುಬಿಗೆ ಕೈ ಹಚ್ಚಿದ್ಯೋ, ನಿನ್ನನ್ನ ಸೂಪಿಗೆ ಹಾಕ್ತೀನಿ" ಅಂದಳು. ಇಂಥ ಉತ್ತರ ಕೊಡುವವರು ಒಂದೋ ಅಪ್ಪಟ ಪ್ರಾಮಾಣಿಕರು, ಇಲ್ಲವೇ ಪಳಗಿದ ಕಳ್ಳರು. ಎರಡನೆಯದರ ಮೇಲೊಂದು ಕಣ್ಣಿಟ್ಟಿದ್ದೆ.

ಎಡವಟ್ಟಾದದ್ದು ಅಲ್ಲಲ್ಲ, ಹೆಸರಿನಲ್ಲಿ. ಗ್ಲೆನಿಸ್ ಅಂದವಾದ ನೀಲಿ ಬಣ್ಣದಲ್ಲಿ ಹಲಗೆಗಳ ಮೇಲೆ "ಊರಿನ ಶೌಟ್" ಅಂತ ಬರೆದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇದಕ್ಕಿಂತ ಸ್ನೇಹದ ಮಾತು ನಮ್ಮಲ್ಲಿ ಇನ್ನೇನಿದೆ? ಶೌಟಿನ ಕಾನೂನನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ನ್ಯಾಯಾಲಯದ ಕಡತಕ್ಕಾಗಿ ಹೇಳುತ್ತೇನೆ. ಗೆಳೆಯರು ಪಬ್ಬಿನಲ್ಲಿ ಕೂತಾಗ ಒಬ್ಬ ಎದ್ದು ಎಲ್ಲರಿಗೂ ಬಿಯರು ಕೊಡಿಸಿದರೆ ಅದು ಅವನ ಶೌಟ್. ಅದು ಮುಗಿದರೆ ಮುಂದಿನವನ ಶೌಟ್. ಹೀಗೆ ಮೇಜಿನ ಸುತ್ತ. ಕೊಲೆ ಮಾಡಿದವನಿಗೂ ಈ ಊರು ಒಂದು ದಿನ ಕ್ಷಮೆ ಕೊಟ್ಟೀತು. ಕುಡಿದು, ತನ್ನ ಸರದಿ ಬಂದಾಗ ಕೋಟು ಎತ್ತಿಕೊಂಡು ಜಾರಿದವನಿಗೆ ಇಲ್ಲ. ಕಾರ್ಖಾನೆಯಲ್ಲಿ ಅಂಥವನೊಬ್ಬನಿದ್ದ. ಅವನ ಹೆಸರು ನಮಗ್ಯಾರಿಗೂ ನೆನಪಿಲ್ಲ, ಜಾರಿದ್ದು ಮಾತ್ರ ನೆನಪಿದೆ.

ಹಾಗಿದ್ದ ಮೇಲೆ, ಕೊಡಿಸುವ ಶಕ್ತಿ ಇಲ್ಲದವನು ಏನು ಮಾಡುತ್ತಾನೆ? ಮೇಜಿನ ಹತ್ತಿರ ಬರುವುದನ್ನೇ ಬಿಡುತ್ತಾನೆ. ಇಡೀ ಊರು ಚಪ್ಪಾಳೆ ತಟ್ಟಿ ಗುಂಡಿ ತೋಡಿತ್ತು ಕ್ಲೆಮ್. "ಬಾ, ಊಟ ಇದೆ" ಅನ್ನಬೇಕಾದ ಜಾಗದಲ್ಲಿ "ಬಾ, ನಿನ್ನ ಸರದಿಯೂ ಬರುತ್ತದೆ" ಎಂದು ಬರೆದು ನೇತುಹಾಕಿದ್ದೆವು. ಕ್ಲಿಪ್ಪುಗಳು ದಾರದಲ್ಲೇ ಬಿಸಿಲಿಗೆ ಬೆಳ್ಳಗಾದವು. ಕಿತ್ತುಕೊಂಡವರು ಬೆನ್ನ ಮೇಲೆ ಮನೆ ಹೊತ್ತ ಜರ್ಮನಿಯ ಪ್ರವಾಸಿ ಹುಡುಗರು ಮಾತ್ರ. ಅವರಿಗೆ ಶೌಟಿನ ಕಾನೂನು ಗೊತ್ತಿರಲಿಲ್ಲ, ಸುಖವಾಗಿ ತಿಂದರು. ನಗರಸಭೆಯ ಸದಸ್ಯರೊಬ್ಬರು ಬಂದು ದಾರ ನೋಡಿ, "ಕಂಡ್ರಾ, ನಮ್ಮೂರಲ್ಲಿ ಹಸಿದವರೇ ಇಲ್ಲ. ಹೆಮ್ಮೆಯ ವಿಷಯ" ಎಂದು ಫೋಟೋ ತೆಗೆಸಿಕೊಂಡು ಹೋದರು. ಆ ಫೋಟೋದ ಹಿಂದುಗಡೆಯೇ ನನ್ನ ಸೂಪಿನ ಸಾಲು ಬೀದಿ ತಿರುಗಿ ನಿಂತಿತ್ತು.

ಆ ಸಾಲಿನಲ್ಲಿ ನೀನಿರಲಿಲ್ಲ. ಸೌಟು ಹಿಡಿದವನು ನಾನು ಎಂದು ನಿನಗೆ ಗೊತ್ತಿತ್ತಲ್ಲ.

ಅಷ್ಟರಲ್ಲಿ ಮೀನು ಬಂತು. ವಿನ್ನಿ ಫೋನು ಮಾಡಿದಳು. "ನೆವ್, ನಿನಗೆ ಇಷ್ಟವಾಗೋ ಅಂಥದ್ದೊಂದು ನಡೀತಿದೆ. ಬೆಳಿಗ್ಗೆ ಹಿಂಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ಮೀನು. ತೊಳೆದು, ಮುಳ್ಳು ತೆಗೆದು, ಪೊಟ್ಟಣ ಕಟ್ಟಿದ ಮೀನು. ಹೋದ ವಾರವೂ ಇತ್ತು, ಅದರ ಹಿಂದಿನ ವಾರವೂ." ನನ್ನ ಮೈಯಲ್ಲಿ ಬಿಸಿರಕ್ತ ಹರಿಯಿತು. ಕಳ್ಳಮೀನು! ಲೈಸೆನ್ಸಿಲ್ಲದ ದೋಣಿ! ಅಥವಾ ಎದುರು ಹೋಟೆಲಿನವನ ಸಂಚು! ಅಥವಾ ವಿನ್ನಿಯೇ ಏನೋ ಮುಚ್ಚಿಡಲು ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಾಳೆ! ಅಂಗಿಯ ಗುಂಡಿ ಸರಿಯಾಗಿ ಹಾಕದೆ ಓಡಿದೆ.

"ಈ ಮೀನನ್ನ ಏನು ಮಾಡ್ತಿದ್ದೀಯ?" ಅಂತ ಗದರಿಸಿದೆ.

"ಏನು ಮಾಡ್ಲಿ? ಯಾರು ಹಿಡಿದದ್ದೋ ಗೊತ್ತಿಲ್ಲದ ಮೀನನ್ನ ಗಿರಾಕಿಗೆ ಬಡಿಸಿದ್ರೆ ಹೆಲ್ತ್ ಇನ್ಸ್‌ಪೆಕ್ಟರ್ ನನ್ನನ್ನೇ ತಟ್ಟೇಲಿ ಹಾಕ್ಕೊಂಡು ಹೋಗ್ತಾನೆ. ಬೆಕ್ಕಿಗೆ ಹಾಕ್ತಿದ್ದೀನಿ. ನೋಡು ಅದನ್ನ, ಬಾಗಿಲಲ್ಲಿ ತೂರೋಕಾಗ್ತಿಲ್ಲ."

ನೋಡಿದೆ. ಬೆಕ್ಕು ನನ್ನನ್ನು ಅನುಮಾನದಿಂದ ನೋಡಿತು. ನಾನು ಪೊಟ್ಟಣವನ್ನು ನೋಡಿದೆ, ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಹಳೇ ಪೇಪರಿನಲ್ಲಿ ಸುತ್ತಿದ್ದರೂ ಅದು ಮೀನಿನ ಪೊಟ್ಟಣದಂತಿರಲಿಲ್ಲ, ಐನೂರು ಹಾಳೆಯ ಕಾಗದದ ರೀಮು ಕಟ್ಟಿದಂತಿತ್ತು. ಎರಡೂ ತುದಿಯಲ್ಲಿ ಒಳಗೆ ಒತ್ತಿ, ಮೂಲೆ ಚೂಪು ಮಾಡಿ, ನಾಲಿಗೆಯ ಹಾಗೆ ಮಡಿಸಿ ಸಿಕ್ಕಿಸಿದ ಮಡಿಕೆ. ಅಂಟಿಲ್ಲ, ದಾರವಿಲ್ಲ. ಕಾರ್ಖಾನೆಯ ಕಟ್ಟುವ ಕೋಣೆಯಲ್ಲಿ ಮೇಸ್ತ್ರಿ ನಿನ್ನ ಪೊಟ್ಟಣವನ್ನು ಹೊಸಬರಿಗೆಲ್ಲ ಎತ್ತಿ ತೋರಿಸುತ್ತಿದ್ದ. ನನ್ನದನ್ನೂ ತೋರಿಸುತ್ತಿದ್ದ, ಹೀಗೆ ಕಟ್ಟಬೇಡಿ ಎಂದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆ ಜಾಗದಲ್ಲಿ ಈಗ ದೊಡ್ಡ ಅಂಗಡಿ ಸುತ್ತಿಗೆ, ಮೊಳೆ ಮಾರುತ್ತದೆ. ಆದರೂ ನಿನ್ನ ಬೆರಳುಗಳು ಮೀನನ್ನು ಕೂಡ ಅಳತೆ ತಪ್ಪದೆ ಕಟ್ಟುತ್ತಿವೆ. ತಪ್ಪು ಮಾಡುವವನು ಇಷ್ಟು ಅಚ್ಚುಕಟ್ಟಾಗಿ ಮಾಡಬಾರದು ಕ್ಲೆಮ್, ಸಿಕ್ಕಿಬೀಳುತ್ತಾನೆ.

"ಕ್ಲೆಮ್ ಇಲ್ಲಿಗೆ ಬಂದಿದ್ನಾ?" ಅಂದೆ. ವಿನ್ನಿ ಮೊದಲು ಹೇಳಲಿಲ್ಲ. ಯಾರು ಬಂದರು ಎಂದು ಹೇಳುವುದಿಲ್ಲ ಎನ್ನುವುದು ಏರ್ಪಾಡಿನ ನಿಯಮ. ನಾನು ಪೊಟ್ಟಣದ ಮಡಿಕೆ ತೋರಿಸಿ ಕಥೆ ಹೇಳಿದ ಮೇಲೆ ಕೈಯೊರಸುವ ಬಟ್ಟೆಯನ್ನು ಹಿಂಡುತ್ತ ಹೇಳಿದಳು. ಒಂದೇ ಒಂದು ಸಲ ಬಂದಿದ್ದೆಯಂತೆ, ಗಿರಾಕಿಗಳೆಲ್ಲ ಹೋದ ಮೇಲೆ. ಕ್ಲಿಪ್ಪನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೊಟ್ಟೆಯಂತೆ. ಅಡುಗೆಮನೆಯ ಬಾಗಿಲ ಪಕ್ಕ, ಗೋಡೆಗೆ ಮುಖ ಮಾಡಿ ಕೂತು, ಲೆಮನ್ ಚಿಕನ್ನನ್ನು ತಟ್ಟೆ ತೊಳೆಯುವ ಕೆಲಸವೇ ಇಲ್ಲದ ಹಾಗೆ ತಿಂದೆಯಂತೆ. ಹೊರಡುವಾಗ, "ಇದಕ್ಕೆ ಎಷ್ಟು ಮೀನು ಕೊಟ್ರೆ ಸರಿಹೋಗುತ್ತೆ?" ಅಂತ ಕೇಳಿದೆಯಂತೆ.

"ನಾನು ತಮಾಷೆಗೆ 'ಒಂದು ಬಕೆಟ್ ತುಂಬ' ಅಂದೆ ನೆವ್" ಎಂದಳು ವಿನ್ನಿ. "ಅವನು ನಗಲೇ ಇಲ್ಲ. ನಾನೂ ಅವಸರದಲ್ಲಿದ್ದೆ."

ನೀನು ತಮಾಷೆಗೆ ನಗದೆ ಹೋದೆ ಅಂದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಆದರೆ ಅನುಮಾನದ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ.

ಅಲ್ಲಿಂದ ನೇರವಾಗಿ ನೀನು ಗಾಳ ಹಾಕುವ ಬಂದರಿನ ಅಲೆತಡೆ ಗೋಡೆಗೆ ಹೋದೆ. ನೀನಿರಲಿಲ್ಲ. ಕ್ರೇನು ಓಡಿಸುವ ಬ್ಯಾರಿ ಗಾಳ ಹಾಕಿಕೊಂಡು ಕೂತಿದ್ದ. ಶನಿವಾರ ಅಲೆಯೊಂದು ಬಂಡೆ ಹತ್ತಿ ಬಂದು ನಿನ್ನ ಟೀ ಫ್ಲಾಸ್ಕನ್ನೂ ಎಡಗಾಲಿನ ಬೂಟನ್ನೂ ಒಯ್ದಿತಂತೆ, ನಿನ್ನನ್ನೂ ಒಯ್ಯುತ್ತಿತ್ತಂತೆ, ಅವನು ಕೋಟಿನ ಕಾಲರು ಹಿಡಿದು ಎಳೆದನಂತೆ. ಸೊಂಟ ಬಂಡೆಗೆ ಬಡಿಯಿತಂತೆ. ಏಳುತ್ತಲೇ ನೀನು ಕೇಳಿದ್ದು, "ಬಕೆಟ್ ಎಲ್ಲಿ?" ಎರಡನೆಯದಾಗಿ ಹೇಳಿದ್ದು, "ಯಾರಿಗೂ ಹೇಳಬೇಡ." ಬ್ಯಾರಿ ನನ್ನನ್ನು ಕಂಡ ಕೂಡಲೇ ಹೇಳಿದ. ಯಾರಿಗೂ ಹೇಳಬೇಡ ಅಂದರೆ ಈ ಊರಿನಲ್ಲಿ ನೆವಿಲ್‌ಗೆ ಹೇಳು ಎಂದೇ ಅರ್ಥ.

ಆಮೇಲೆ ನಿನ್ನ ಮನೆಗೆ ಬಂದೆ. ಬಾಗಿಲು ತಟ್ಟಿದೆ. "ಏನೂ ಬೇಡ ನೆವ್, ಊಟ ಆಯ್ತು" ಅಂತ ಒಳಗಿಂದ ಹೇಳಿದೆ.

"ಏನು ಊಟ?"

"ರೋಸ್ಟು."

"ಯಾವ ರೋಸ್ಟು?"

ಇಲ್ಲಿ ನೀನು ತಡವರಿಸಿದೆ. ವೃತ್ತಿಪರ ಅಪರಾಧಿ ತಡವರಿಸುವುದಿಲ್ಲ. "ಕುರಿ" ಅಂದೆ.

ಕುರಿ ರೋಸ್ಟು ಮಾಡಿದ ಮನೆಯನ್ನು ಬೀದಿಗೆಲ್ಲ ನಾಯಿಗಳೇ ಸಾರುತ್ತವೆ ಕ್ಲೆಮ್. ನಿನ್ನ ಬೀದಿಯ ನಾಯಿಗಳು ಮಲಗಿದ್ದವು. ಚಿಮಣಿಯಲ್ಲಿ ಹೊಗೆಯಿರಲಿಲ್ಲ. ಟಪಾಲು ಹಾಕುವ ಸೀಳಿಗೆ ಮೂಗಿಟ್ಟು ನೋಡಿದೆ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಂದದ್ದು ಸುಟ್ಟ ಬ್ರೆಡ್ಡಿನ ವಾಸನೆ. ನೀನು ಹಿಡಿದ ಮೀನು ವಿನ್ನಿಯ ಬೆಕ್ಕಿನ ಹೊಟ್ಟೆಯಲ್ಲಿ, ನಿನ್ನ ಹೊಟ್ಟೆಯಲ್ಲಿ ಒಣ ಬ್ರೆಡ್ಡು. ಒಂದು ತಟ್ಟೆ ಲೆಮನ್ ಚಿಕನ್ನಿಗಾಗಿ ನೀನು ಈ ಚಳಿಗಾಲ ಪೂರ್ತಿ ಮೀನು ಹೊತ್ತು, ಒಂದು ದಿನ ಆ ಬಂಡೆಯಿಂದ ಬೂಟಿನ ಹಿಂದೆಯೇ ಹೋಗುತ್ತೀಯ. ಬ್ಯಾರಿ ಪ್ರತಿ ಶನಿವಾರ ಅಲ್ಲಿರುವುದಿಲ್ಲ.

ಅವತ್ತು ಬಾಗಿಲ ಹೊರಗೆ ನಿಂತು ನಾನು ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೈಗುಳಕ್ಕೆ ತೆಗೆಯದ ಬಾಗಿಲು ಕಾನೂನಿಗಾದರೂ ತೆಗೆಯಬೇಕು ಎಂದು ಈಗ ಕಾನೂನು ಬರೆಯುತ್ತಿದ್ದೇನೆ. ಗಮನವಿಟ್ಟು ಓದು.

ನೀನು ವಿನ್ನಿಯ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬನೇ ತಿಂದೆ. ನಿನ್ನ ಜೊತೆ ಯಾರೂ ಕೂತಿರಲಿಲ್ಲ. ಶೌಟ್ ಅಂದರೆ ಏನು? ಜೊತೆಗೆ ಕೂತವರಿಗೆ ಕೊಡಿಸುವುದು. ಯಾರೋ ಬಂದು ಮೇಜಿನ ಮೇಲೆ ಬಿಯರಿಟ್ಟು ಓಡಿಹೋದರೆ ಅದನ್ನು ಶೌಟ್ ಅಂತ ಯಾವನಾದರೂ ಅಂದಾನೆಯೇ? ನಾವು ಅದನ್ನು ಮೂಸಿ ನೋಡುತ್ತೇವೆ. ನಾನಂತೂ ಮೂಸುತ್ತೇನೆ. ಆದ್ದರಿಂದ ಹಲಗೆಯ ಮೇಲೆ ಗ್ಲೆನಿಸ್ ಏನೇ ಬರೆದಿರಲಿ, ನೀನು ತಿಂದದ್ದು ಶೌಟ್ ಅಲ್ಲ, ಬರೀ ಊಟ. ಅದಕ್ಕೆ ಪ್ರತಿಯಾಗಿ ನಿನ್ನ ಮೇಲೆ ಯಾವ ಸರದಿಯೂ ಇಲ್ಲ. ಅಲ್ಲಿಗೆ ಒಂದು ಮುಗಿಯಿತು.

ಈಗ ನಿನ್ನ ಮೀನು. ನೀನು ಹಿಂಬಾಗಿಲಲ್ಲಿ ಪೊಟ್ಟಣ ಇಟ್ಟು, ಯಾರ ಮುಖವನ್ನೂ ನೋಡದೆ ಹೋದೆ. ಕೂರಲಿಲ್ಲ, ತಿನ್ನಲಿಲ್ಲ. ಮೇಲೆ ಹೇಳಿದ ಅದೇ ಕಾನೂನಿನಂತೆ ಆ ಮೀನು ಯಾವುದೂ ಶೌಟ್ ಆಗುವುದಿಲ್ಲ. ಅದು ಬೆಕ್ಕಿಗೆ ಹಾಕಿದ ಮೀನು ಅಷ್ಟೇ. ನೀನು ಇನ್ನೂ ಎಷ್ಟು ಬಕೆಟ್ ತಂದಿಟ್ಟರೂ ಲೆಕ್ಕಕ್ಕೆ ಬರುವುದಿಲ್ಲ, ಬೆಕ್ಕು ಸಿಡಿದು ಸಾಯುತ್ತದೆ, ಅದರ ಪಾಪ ನಿನಗೆ.

ಇನ್ನು ಉಳಿದದ್ದು ಒಂದೇ ನಿಜವಾದ ಶೌಟ್, ನಮ್ಮ ಶುಕ್ರವಾರದ ಮೇಜಿನದು. ಕಡೆಯ ಶುಕ್ರವಾರ ನಾನು ಕೊಡಿಸಿದೆ. ನೀನು ಅರ್ಧ ಕುಡಿದು, "ತಲೆನೋವು" ಎಂದು ಎದ್ದು ಹೋದೆ. ನನ್ನ ನಂತರದ ಸರದಿ ನಿನ್ನದಾಗಿತ್ತು. ಆ ತಲೆನೋವಿನ ಅರ್ಥ ಈಗ ತಿಳಿದಿದೆ. ಕರೆಂಟಿನ ಬಿಲ್ಲು ಕಟ್ಟಿದರೆ ಬಿಯರಿಗೆ ಉಳಿಯದ ಪಿಂಚಣಿ ನನಗೂ ಬರುತ್ತದೆ. ಆದರೆ ಅವತ್ತು ಮೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ನಾನು ಬಾಯಿಬಿಟ್ಟರೆ ಸಾಕು, ತನ್ನ ಸರದಿ ಬಂದಾಗ ಜಾರಿದವನು ಎಂದು ಈ ಊರು ನಿನ್ನನ್ನು ನೆನಪಿಟ್ಟುಕೊಳ್ಳುತ್ತದೆ. ಹೆಸರು ಮರೆತರೂ. ನಾನು ಬಾಯಿಬಿಡುವವನು ಎಂದು ನಿನಗೆ ಗೊತ್ತು.

ಆದ್ದರಿಂದ ಈ ಗುರುವಾರ ಸೂಪು ಮುಗಿದ ಮೇಲೆ ಗೋಲ್ಡನ್ ಕಾರ್ಪಿನ ದುಂಡು ಮೇಜಿಗೆ ಬಾ. ವಿನ್ನಿ, ಗ್ಲೆನಿಸ್, ನಾನು ಇರುತ್ತೇವೆ. ಗೋಡೆಗೆ ಮುಖ ಮಾಡುವ ಕುರ್ಚಿ ಆ ಮೇಜಿಗಿಲ್ಲ, ನೋಡಿದ್ದೇನೆ. ಅವತ್ತಿನ ಶೌಟ್ ನಿನ್ನದು. ಮೀನು ತರಕೂಡದು. ಬೇಸಿಗೆ ಬರುವವರೆಗೆ ಬಂಡೆಯ ಮೀನು ಈ ನ್ಯಾಯಾಲಯದಲ್ಲಿ ಅಮಾನ್ಯ. ನಿನ್ನ ಹಿತ್ತಲಿನಲ್ಲಿ ಬೆರಿಲ್ ನೆಟ್ಟ ಸಿಲ್ವರ್‌ಬೀಟ್ ಸೊಪ್ಪಿದೆಯಲ್ಲ, ಎಷ್ಟು ಕಿತ್ತರೂ ಮುಗಿಯದ್ದು, ಊರಿನಲ್ಲಿ ಯಾರಿಗೆ ಕೊಟ್ಟರೂ "ನಮ್ಮಲ್ಲೂ ಇದೆ" ಎಂದು ಓಡುವಂಥದ್ದು, ಅದನ್ನು ಒಂದು ಕಟ್ಟು ತಾ. ವಿನ್ನಿ ಬೆಳ್ಳುಳ್ಳಿ ಹಾಕಿ ಹುರಿಯುತ್ತಾಳೆ. ನನಗೆ ಆ ಸೊಪ್ಪು ಕಂಡರಾಗದು ಎಂದು ನಿನಗೆ ಚೆನ್ನಾಗಿ ಗೊತ್ತು. ಒಂದು ಎಲೆಯನ್ನೂ ಬಿಚ್ಚಿ ನೋಡದೆ ತಿನ್ನುತ್ತೇನೆ. ಇದಕ್ಕಿಂತ ದೊಡ್ಡ ಮಾತು ನನ್ನ ಬಾಯಿಂದ ನೀನು ಕೇಳಿಲ್ಲ.

ಮುಂದಿನ ಗುರುವಾರ ವಿನ್ನಿಯ ಶೌಟ್. ಆಮೇಲೆ ಗ್ಲೆನಿಸ್‌ಳದು, ಆಮೇಲೆ ನನ್ನದು. ಅಷ್ಟರಲ್ಲಿ ಮತ್ತೆ ನಿನ್ನ ಸರದಿ. ದುಂಡು ಮೇಜು ನೋಡು, ಎಲ್ಲಿ ಎದ್ದರೂ ಯಾರದೋ ಸರದಿಯ ನಡುವೆಯೇ ಎದ್ದಂತಾಗುತ್ತದೆ. ನಿನಗೆ ಮರ್ಯಾದೆಯಿದೆ, ಆದ್ದರಿಂದ ಏಳುವಂತಿಲ್ಲ. ಈ ಕಾನೂನಿನಲ್ಲಿ ತೂತು ಹುಡುಕಲು ನಿನ್ನೆಯೆಲ್ಲ ನಾನೇ ಪ್ರಯತ್ನಪಟ್ಟೆ, ಸಿಗಲಿಲ್ಲ.

ಅಂದ ಹಾಗೆ ಗ್ಲೆನಿಸ್‌ಗೆ ನಿನ್ನ ಹೆಸರು ಹೇಳದೆ ಕಥೆ ಹೇಳಿದೆ. ಅವಳು ಬಣ್ಣದ ಡಬ್ಬಿ ತಂದು ಎಲ್ಲ ಹಲಗೆಯ ಮೇಲಿದ್ದ "ಶೌಟ್" ಕಾಣದಂತೆ ಬಳಿದುಬಿಟ್ಟಳು. ಈಗ ಬರೀ ದಾರ, ಕ್ಲಿಪ್ಪು. ನಿನ್ನೆ ಸಂಜೆ ವಿನ್ನಿಯ ಕಿಟಕಿ ಮುಂದೆ ಹಾದು ಹೋದೆ, ಎರಡು ಕ್ಲಿಪ್ಪು ಕಾಣಲಿಲ್ಲ. ಗಾಳಿಗೆ ಹಾರಿದವೋ, ಯಾರಾದರೂ ಉಂಡರೋ, ನನಗೆ ಅನುಮಾನ. ಮೊದಲ ಸಲ ಒಂದು ಅನುಮಾನವನ್ನು ಬಗೆಹರಿಸದೆ ಮನೆಗೆ ಬಂದೆ.

ಈ ಪತ್ರವನ್ನು ನಮ್ಮ ಹಳೆಯ ಮಡಿಕೆಯಲ್ಲಿ ಕಟ್ಟಿ ನಿನ್ನ ಬಾಗಿಲ ಸೀಳಿಗೆ ತೂರಿಸುತ್ತೇನೆ. ಒಂದು ಮೂಲೆ ಸೊಟ್ಟಗೇ ಇರುತ್ತದೆ, ನನ್ನ ಮೂಲೆ ಎಂದೂ ನೇರ ಬಂದದ್ದಿಲ್ಲ. ಕಂಡು ನಗು. ಬಾಗಿಲ ಹೊರಗೇ ನಿಂತಿರುತ್ತೇನೆ. ನಗು ಕೇಳಿಸಿತೋ ಇಲ್ಲವೋ ಎಂದು ಸೀಳಿಗೆ ಕಿವಿಯಿಟ್ಟು.

ನಿನ್ನ ಕಾಲ ಕೆಳಗೆ ಒಣನೆಲ ಇರಲಿ, ಎಡಗಾಲಿಗೆ ಇನ್ನೊಂದು ಬೂಟು ಬೇಗ ಸಿಗಲಿ.

ಶುಕ್ರವಾರದ ಮೇಜಿನಲ್ಲಿ ನಿನ್ನ ಕುರ್ಚಿಯ ಮೇಲೆ ಇನ್ನು ಮುಂದೆ ಯಾರಿಗೂ ಕೋಟು ಇಡಗೊಡದ,
ನೆವಿಲ್